ತೆರೆದು ನೋಡದ ಪ್ರತಿ

"ಅಂಗಡಿ ಲೆಕ್ಕ ಎಲ್ಲ ಕ್ಲೌಡ್‌ನಲ್ಲಿದೆ ಮಗಾ, ಇನ್ನೇನು ಭಯ?" ಎಂದರು ಅಪ್ಪ. ಸಾಗರದಲ್ಲಿ ನಮ್ಮದು ಔಷಧಿಯ ಸಗಟು ವ್ಯಾಪಾರ. ಓಲೆಗರಿಗಳ ಬಗ್ಗೆ ಪಿಎಚ್‌.ಡಿ. ಮಾಡುತ್ತಿರುವ ನನಗೆ ಕಂಪ್ಯೂಟರ್ ಅಷ್ಟಕ್ಕಷ್ಟೇ. ಆದರೆ ಒಂದೇ ಪ್ರತಿ ಉಳಿದಿರುವ ಕೃತಿಯ ಪಾಡು ಗೊತ್ತು.

"ಕ್ಲೌಡ್ ಅಂದ್ರೂ ಅದು ಎಲ್ಲೋ ಇರೋ ಒಂದು ಕಟ್ಟಡವೇ ಅಪ್ಪ" ಎಂದೆ. 2021ರ ಮಾರ್ಚ್ 10ರಂದು ಫ್ರಾನ್ಸಿನ ಸ್ಟ್ರಾಸ್‌ಬರ್ಗ್‌ನಲ್ಲಿ ಓವಿಎಚ್‌ಕ್ಲೌಡ್ ಕಂಪನಿಯ ಅಂಥದೊಂದು ಕಟ್ಟಡ ಬೆಂಕಿಗೆ ಆಹುತಿಯಾಯಿತು. ಬೇರೆ ಊರಲ್ಲಿ ಪ್ರತಿ ಇಟ್ಟವರು ಚೇತರಿಸಿಕೊಂಡರು. ಬ್ಯಾಕಪ್ಪನ್ನೂ ಅಲ್ಲೇ ಇಟ್ಟಿದ್ದ ಕೆಲವರ ಮಾಹಿತಿ ಮತ್ತೆ ಸಿಗಲೇ ಇಲ್ಲ.

ಅಂದು ರಾತ್ರಿ ಇಬ್ಬರೂ ಕೂತು ಎರಡು ಪ್ರಶ್ನೆ ಬರೆದುಕೊಂಡೆವು. ಎಷ್ಟು ಹೊತ್ತಿನ ಲೆಕ್ಕ ಹೋದರೆ ಸಹಿಸಬಹುದು? ಎಷ್ಟು ಹೊತ್ತು ವ್ಯಾಪಾರ ನಿಂತರೆ ಸಹಿಸಬಹುದು?

"ಒಂದು ದಿನದ್ದಾದ್ರೆ ಬಿಲ್ ನೋಡಿ ಬರ್ಕೋಬಹುದು. ಎರಡು ದಿನ ಬಾಗಿಲು ಹಾಕಿದ್ರೂ ನಡೆಯತ್ತೆ. ಬಾಕಿ ಖಾತೆ ಹೋದ್ರೆ ಮಾತ್ರ ಮುಗೀತು."

ಅಪ್ಪನ ಉತ್ತರದಲ್ಲೇ ಯೋಜನೆ ಇತ್ತು: ದಿನಾ ರಾತ್ರಿ ಒಂದು ಪ್ರತಿ, ಅದೂ ಇನ್ನೊಂದು ನಗರದ ಡೇಟಾ ಸೆಂಟರಿನಲ್ಲಿ.

ಬೆಳಗ್ಗೆ, ಈಗಿರುವ ಬ್ಯಾಕಪ್ ಸರಿಯಿದೆಯೇ ಎಂದು ನನ್ನ ಲ್ಯಾಪ್‌ಟಾಪಿನಲ್ಲಿ ತೆರೆದೆ. ಕೊನೆಯ ನಮೂದು ಮೂರು ತಿಂಗಳ ಹಿಂದಿನದು! ಜಾಗ ತುಂಬಿ ನಿಂತುಹೋಗಿತ್ತು. ಯಾರೂ ನೋಡಿರಲಿಲ್ಲ. ಅಪ್ಪ ಸುಮ್ಮನೆ ಕುರ್ಚಿಯಲ್ಲಿ ಕೂತುಬಿಟ್ಟರು.

ಈಗ ಪ್ರತಿ ತಿಂಗಳ ಮೊದಲ ಭಾನುವಾರ ಹಾಸ್ಟೆಲಿನಲ್ಲಿ ಕೂತು ಆ ದೂರದ ಪ್ರತಿಯನ್ನು ಇಳಿಸಿಕೊಂಡು ತೆರೆಯುತ್ತೇನೆ. ಅಪ್ಪ ಫೋನಿನಲ್ಲಿ ಯಾವುದೋ ಒಬ್ಬ ಗಿರಾಕಿಯ ಹೆಸರು ಹೇಳುತ್ತಾರೆ. ನಾನು ಬಾಕಿ ಓದುತ್ತೇನೆ. "ಹ್ಞೂಂ, ಸರಿ ಇದೆ" ಎಂದಮೇಲೆಯೇ ಊಟದ ವಿಚಾರ.