ಕಣ್ಣಿಗೂ ಒಂದು ಪ್ರೆಷರ್

ಸೇಲಂ ಕಡೆಯ ಟೀ ಅಂಗಡಿಯಲ್ಲಿ ನಡುವಯಸ್ಸಿನ ನಾಲ್ಕು ಜನ ಸೇರಿದರೆ ಮಾತು ತಾನಾಗಿ ನಂಬರಿಗೆ ತಿರುಗುತ್ತದೆ. ಒಬ್ಬರ ಬಿ.ಪಿ. 150, ಇನ್ನೊಬ್ಬರ ಶುಗರ್ 200. ಹೇಳುವ ದನಿಯಲ್ಲಿ ಸಣ್ಣ ಹೆಮ್ಮೆಯೂ ಉಂಟು. ಕಣ್ಣಿಗೂ ಒಂದು ಪ್ರೆಷರ್ ಇದೆ, ಸಾಧಾರಣವಾಗಿ ಪಾದರಸದ 10ರಿಂದ 21 ಮಿಲಿಮೀಟರ್ ಒಳಗೆ ಇರುತ್ತದೆ ಎಂದರೆ ಮಾತ್ರ, "ನೋವೇ ಇಲ್ವಲ್ಲ ಸಾಮಿ, ಯಾಕೆ ತೋರಿಸ್ಬೇಕು?" ಅನ್ನುತ್ತಾರೆ.

ನೋವಿಲ್ಲದಿರುವುದೇ ತಕರಾರು. ಕಣ್ಣೊಳಗೆ ಊರುವ ನೀರು ಹೊರಹೋಗುವ ದಾರಿ ಮೆಲ್ಲಗೆ ಕಟ್ಟಿಕೊಂಡರೆ ಒತ್ತಡ ಏರುತ್ತದೆ, ನರ ಸವೆಯುತ್ತದೆ, ಸಾಮಾನ್ಯವಾಗಿ ಅಂಚಿನ ನೋಟ ಮೊದಲು ಹೋಗುತ್ತದೆ. ಹೋದದ್ದು ವಾಪಸು ಬಾರದು. ಎದುರಿನ ಲಾಳಿ ಕಾಣುವವರೆಗೆ ಮಗ್ಗದವರಿಗೆ ಗ್ಲಾಕೋಮಾ ಎಂಬ ಈ ರೋಗದ ಅನುಮಾನವೇ ಬರುವುದಿಲ್ಲ.

ಒಳಗಿನ ಒತ್ತಡವನ್ನು ಹೊರಗಿನಿಂದ ತಿಳಿಯುವ ಉಪಾಯ ಇಲ್ಲಿನ ಕನ್ನಡ ಮನೆಮಾತಿನ ದೇವಾಂಗ ನೇಕಾರರಿಗೆ ಹೊಸದಲ್ಲ. ಹಾಸಿನ ಮೇಲೆ ಬೆರಳೂರಿದರೆ ಬಿಗಿ ಎಷ್ಟೆಂದು ಗೊತ್ತಾಗುತ್ತದೆ. ಹಿಂದಿನ ವೈದ್ಯರೂ ಮುಚ್ಚಿದ ರೆಪ್ಪೆಯ ಮೇಲೆ ಎರಡು ತೋರುಬೆರಳಿಟ್ಟು ಒತ್ತಿ ನೋಡುತ್ತಿದ್ದರು. 1905ರಲ್ಲಿ ನಾರ್ವೆಯ ಯಾಲ್ಮಾರ್ ಶಿಯೋಟ್ಸ್ ಬೆರಳಿನ ಕೆಲಸವನ್ನು 5.5 ಗ್ರಾಂ ಭಾರಕ್ಕೆ ಒಪ್ಪಿಸಿದರು. ರೋಗಿ ಸೂರು ನೋಡುತ್ತ ಮಲಗಬೇಕು. ಕಣ್ಣಿನ ಮೇಲಿಟ್ಟ ಭಾರ ಅದನ್ನು ತುಸು ತಗ್ಗು ಮಾಡುತ್ತದೆ; ಕಣ್ಣು ಮೆತ್ತಗಿದ್ದಷ್ಟೂ ಉಪಕರಣದ ಮುಳ್ಳು ದೂರ ಓಡುತ್ತದೆ. ಅಂದರೆ ಅಂಕಿ ಹೆಚ್ಚಾದರೆ ಒತ್ತಡ ಕಡಿಮೆ! ಪರೀಕ್ಷೆಯಲ್ಲೂ ಹೀಗಿದ್ದಿದ್ದರೆ ನಮ್ಮಲ್ಲಿ ಎಷ್ಟೋ ಜನ ರ‍್ಯಾಂಕ್ ಬರುತ್ತಿದ್ದೆವು. ಕರೆಂಟ್ ಬೇಡದ, ಚೀಲದಲ್ಲಿ ಕೂರುವ ಈ ಉಪಕರಣ ಹಳ್ಳಿಯ ಶಿಬಿರಗಳಿಗೆ ಹೇಳಿಮಾಡಿಸಿದಂತಿತ್ತು.

1950ರ ದಶಕದಲ್ಲಿ ಬರ್ನ್ ಊರಿನ ಹಾನ್ಸ್ ಗೋಲ್ಡ್‌ಮನ್ ಕಣ್ಣನ್ನು ತಗ್ಗು ಮಾಡುವ ಬದಲು ಚಪ್ಪಟೆ ಮಾಡಿದರು, ಅದೂ 3.06 ಮಿಲಿಮೀಟರ್ ಅಗಲದಷ್ಟೇ. ಮರಗಟ್ಟಿಸುವ ಹನಿ, ಹಳದಿ ಬಣ್ಣ, ನೀಲಿ ಬೆಳಕು. ಡಾಕ್ಟರಿಗೆ ಎರಡು ಹಸಿರು ಅರ್ಧವೃತ್ತ ಕಾಣುತ್ತವೆ. ತಿರುಪು ತಿರುಗಿಸಿ ಅವುಗಳ ಒಳ ಅಂಚುಗಳನ್ನು ಮುಟ್ಟಿಸಿ, ಬಂದ ಅಂಕಿಯನ್ನು ಹತ್ತರಿಂದ ಗುಣಿಸಿದರೆ ಮುಗಿಯಿತು. ಇಂದಿಗೂ ಬಾಕಿಯವನ್ನು ತೂಗುವುದು ಇದರ ಮುಂದೆಯೇ. ಫಕ್ಕನೆ ಗಾಳಿ ಊದುವ ಯಂತ್ರ 1970ರ ದಶಕದ್ದು. ಕಣ್ಣು ಮುಟ್ಟುವುದಿಲ್ಲ, ಕೂತವರನ್ನು ಬೆಚ್ಚಿಬೀಳಿಸುತ್ತದೆ.

ಆದರೂ ನಂಬರೊಂದನ್ನೇ ನಂಬುವಂತಿಲ್ಲ. ಕಾರ್ನಿಯಾ ದಪ್ಪವಿದ್ದರೆ ಲೆಕ್ಕ ಏರುತ್ತದೆ, ತೆಳುವಿದ್ದರೆ ಇಳಿಯುತ್ತದೆ. 21ರೊಳಗಿದ್ದೂ ನರ ಸವೆಯುವವರುಂಟು. ಅದಕ್ಕೇ ಡಾಕ್ಟರು ನರವನ್ನೂ ಇಣುಕಿ ನೋಡುವುದು.

1965ರಲ್ಲಿ ಧರ್ಮಪುರಿ ಸೇಲಂನಿಂದ ಬೇರೆ ಜಿಲ್ಲೆಯಾಯಿತು. ದೊಡ್ಡಾಸ್ಪತ್ರೆ ಎಂದಾಗ ಅಲ್ಲಿನ ಎಷ್ಟೋ ಜನ ಹತ್ತುವುದು ಇನ್ನೂ ಸೇಲಂ ಬಸ್ಸನ್ನೇ. ಅಷ್ಟು ದೂರ ಕನ್ನಡಕಕ್ಕೆಂದು ಹೋದವರು, ಅದರಲ್ಲೂ ನಲವತ್ತು ದಾಟಿದವರು, ಮನೆಯಲ್ಲಿ ಗ್ಲಾಕೋಮಾ ಇದ್ದವರು, "ಹಂಗೇ ಪ್ರೆಷರೂ ನೋಡ್ಬಿಡಿ ಸಾಮಿ" ಎಂದು ತಾವೇ ಕೇಳಬೇಕು. ಕಣ್ಣಂತೂ ಕೇಳುವುದಿಲ್ಲ.