ದಾರಿಯಲ್ಲಿ ದೊರೆತ ಹೆಸರು

ವಸ್ತುವಾಚಕಗಳು ರೂಢನಾಮ, ಅಂಕಿತನಾಮ, ಅನ್ವರ್ಥನಾಮವೆಂದು ಮೂರು ವಿಧವೆಂಬುದನ್ನು 30 ವರ್ಷಕಾಲ ಹುಡುಗರಿಗೆ ಬೋಧಿಸಿದೆನು. ಆದರೆ ಅನ್ವರ್ಥನಾಮದ ಮರ್ಮವು ನನಗೆ ತಿಳಿದುದು 2024ನೆಯ ಇಸವಿಯ ಶಿವರಾತ್ರಿಗೆ ಧರ್ಮಸ್ಥಳಕ್ಕೆ ಕಾಲ್ನಡಿಗೆಯಿಂದ ಹೋದಾಗ.

ಅಜ್ಜಂಪುರ, ತರೀಕೆರೆಗಳ ಯಾತ್ರಿಕರು ಕಡೂರಿನಲ್ಲಿ ನಮ್ಮನ್ನು ಕೂಡಿಕೊಂಡರು. ಅಲ್ಲಿಂದ ಚಿಕ್ಕಮಗಳೂರಿಗೆ ಸುಮಾರು 40 ಕಿಲೋಮೀಟರು. ಮುಂದೆ ಮೂಡಿಗೆರೆ, ಕೊಟ್ಟಿಗೆಹಾರ, ಬಳಿಕ ಚಾರ್ಮಾಡಿ ಘಟ್ಟ. ಮೊದಲ ದಿನದ ಸಂಜೆಯೊಳಗಾಗಿ ತಂದೆತಾಯಿಗಳಿಟ್ಟ ಹೆಸರುಗಳೆಲ್ಲ ಮರೆತುಹೋದವು. ನಸುಕಿನಲ್ಲಿ ಎಲ್ಲರನ್ನೂ ಎಬ್ಬಿಸುವವನು 'ಕೋಳಿ'. ಕಾಲಿನ ಗುಳ್ಳೆಗಳಿಗೆ ಎಣ್ಣೆ ಸವರುವವನು 'ಡಾಕ್ಟ್ರು'. 'ಇನ್ನೇನು ಬಂತು' ಎನ್ನುತ್ತಲೇ ಹರದಾರಿಗಟ್ಟಲೆ ನಡೆಸುವವನು 'ಇನ್ನೇನು'. ಎಲ್ಲರಿಗಿಂತ ಹಿಂದುಳಿದ ನಾನು 'ಆಮೆ ಮೇಷ್ಟ್ರು' ಆದೆನು.

ಎಲ್ಲರೂ ನಕ್ಕರು, ನಾನು ನಗಲಾರದೆ ಹೋದೆನು. ಪೂರ್ವದಲ್ಲಿ, ನಿಧಾನವಾಗಿ ಬರೆಯುತ್ತಿದ್ದ ಒಬ್ಬ ಬಾಲಕನನ್ನು ತರಗತಿಯಲ್ಲಿ ನಾನೇ 'ಆಮೆ' ಎಂದು ಕರೆದಿದ್ದೆನು. ವರ್ಷವೆಲ್ಲ ಹುಡುಗರು ಅವನನ್ನು ಹಾಗೆಯೇ ಕೂಗಿದರು. ಮರುವರ್ಷ ಅವನು ಶಾಲೆಗೆ ಬರಲಿಲ್ಲ. ಕಾರಣವೇನೆಂದು ನಾನು ವಿಚಾರಿಸಲೂ ಇಲ್ಲ.

ಘಟ್ಟದ ಇಳಿಜಾರಿನಲ್ಲಿ ನನ್ನ ಮೊಣಕಾಲು ಸೋತಿತು. ಆಗ ಮುಂದಿನಿಂದ ಕೂಗು ಕೇಳಿಸಿತು: "ನಿಲ್ರೋ, ಆಮೆ ಮೇಷ್ಟ್ರು ಬರ್ಲಿ!" ತಂಡವೆಲ್ಲ ನಿಂತಿತು. 'ಕೋಳಿ'ಯು ಹಿಂದಿರುಗಿ ಬಂದು ನನ್ನ ಚೀಲವನ್ನು ತನ್ನ ಹೆಗಲಿಗೇರಿಸಿಕೊಂಡನು.

ಶಬ್ದವೊಂದೇ. ಅವರು ಹೆಸರಿಟ್ಟು ನನಗಾಗಿ ನಿಂತರು. ನಾನು ಹೆಸರಿಟ್ಟು ಆ ಬಾಲಕನನ್ನು ಬಿಟ್ಟು ಮುಂದೆ ನಡೆದಿದ್ದೆನು. ನೇತ್ರಾವತಿಯಲ್ಲಿ ಮಿಂದಾಗ ಕಾಲಿನ ನೋವು ಇಳಿಯಿತು. ಈ ನೋವು ಇಳಿಯಲಿಲ್ಲ. ವಾಚಕರಲ್ಲಿ ಉಪಾಧ್ಯಾಯರು ಅನೇಕರಿರುವರು. ಅವರಿಗಾಗಿ ಇದನ್ನು ಬರೆದಿರುವೆನು.