ಬೇಸರ ಬರುವ ಮನೆ

ಮನೆಗೂ ಬೇಸರ ಬರುತ್ತದೆ ಎಂದರೆ ನೀವು ನಗಬಹುದು. 1976ರಲ್ಲಿ ಇಂಗ್ಲೆಂಡಿನ ವಾಸ್ತುಶಿಲ್ಪಿ ಸೆಡ್ರಿಕ್ ಪ್ರೈಸ್ ಅಮೆರಿಕದ ಫ್ಲೋರಿಡಾದಲ್ಲಿ ಕಟ್ಟಲೆಂದು ಒಂದು ತಂಗುದಾಣದ ಯೋಜನೆ ಹಾಕಿದರು. ಹೆಸರು ‘ಜನರೇಟರ್’. ಕರೆಂಟು ಹೋದಾಗ ಗುಡುಗುಡು ಎನ್ನುವುದಲ್ಲ! ಮರದ ಚೌಕಟ್ಟಿನ ಕೋಣೆಗಳು, ತೆರೆಗಳು, ಓಡಾಡುವ ಹಾದಿಗಳು. ಬಂದವರು ಬೇಕೆಂದಂತೆ ಕ್ರೇನು ಅವನ್ನು ಎತ್ತಿ ಬೇರೆ ಕಡೆ ಇಡಬೇಕು. ಜಾನ್ ಮತ್ತು ಜೂಲಿಯಾ ಫ್ರೇಜರ್ ಅದಕ್ಕೆ ಕಂಪ್ಯೂಟರಿನ ವ್ಯವಸ್ಥೆ ಯೋಚಿಸಿದರು. ಒಂದೊಂದು ಭಾಗದಲ್ಲೂ ಒಂದು ಚಿಪ್ಪು. ಯಾವುದು ಎಲ್ಲಿದೆ ಎಂದು ಕಂಪ್ಯೂಟರಿಗೆ ಗೊತ್ತು. ಬಹಳ ದಿನ ಯಾರೂ ಏನನ್ನೂ ಬದಲಿಸದಿದ್ದರೆ ಅದಕ್ಕೆ ಬೇಸರವಾಗಿ ತಾನೇ ಹೊಸ ಜೋಡಣೆ ಸೂಚಿಸಬೇಕು! ಕೊನೆಗೆ ಅದನ್ನು ಕಟ್ಟಲೇ ಇಲ್ಲ.

ಓದಿದಾಗ ನನಗೆ ನೆನಪಾದದ್ದು ನಮ್ಮಮ್ಮನ ನಡುಮನೆ. ಬೆಳಿಗ್ಗೆ ಅದು ಅಪ್ಪನ ಪೇಪರಿನ ಕೋಣೆ, ಮಧ್ಯಾಹ್ನ ಹಪ್ಪಳ ಲಟ್ಟಿಸುವ ಜಾಗ, ಸಂಜೆ ನಮ್ಮ ಪಾಠ, ರಾತ್ರಿ ಎಂಟು ಜನರ ಹಾಸಿಗೆ. ಅಕ್ಕ ಬಾಣಂತಿಯಾಗಿ ಬಂದಾಗ ಹಗ್ಗ ಕಟ್ಟಿ ಹಳೇ ಸೀರೆ ಇಳಿಬಿಟ್ಟರೆ ಅಲ್ಲೇ ಇನ್ನೊಂದು ಕೋಣೆ. ಕ್ರೇನು, ಕಂಪ್ಯೂಟರು ಎರಡೂ ಅಮ್ಮನೇ. ಎಲ್ಲರಿಗೂ ಎಲ್ಲಿ ಏನು ಬೇಕೆಂದು ಬಲ್ಲವಳಿಗೆ ಬೇಸರವಾಯಿತೇ ಎಂದು ಯಾರಾದರೂ ಕೇಳಿದ್ದುಂಟೇ? ಆ ಮನೆಯಲ್ಲಿ ಅವಳದೆಂದು ಇದ್ದದ್ದು ಒಂದು ಟ್ರಂಕು.

ಹಾಗೆಂದು ಹೆಂಗಸರು ಮನೆಯನ್ನು ತಮಗೆ ಬೇಕಾದಂತೆ ಕಟ್ಟಿಸಿಕೊಂಡದ್ದೇ ಇಲ್ಲ ಎನ್ನಲಾಗದು. ನೆದರ್ಲೆಂಡ್ಸಿನ ಉಟ್ರೆಕ್ಟ್ ಊರಿನಲ್ಲಿ ಟ್ರೂಸ್ ಶ್ರೋಡರ್ ಎಂಬಾಕೆ 1923ರಲ್ಲಿ ಗಂಡನನ್ನು ಕಳೆದುಕೊಂಡರು. ಮೂರು ಮಕ್ಕಳು. ಮರುವರ್ಷವೇ ರೀಟ್‌ವೆಲ್ಡ್ ಎಂಬ ವಿನ್ಯಾಸಕಾರರ ಜೊತೆ ಕೂತು ಹೊಸ ಮನೆ ರೂಪಿಸಿದರು. ಮಹಡಿಯಲ್ಲಿ ಗೋಡೆಗಳ ಬದಲು ಸರಿಯುವ ಹಲಗೆಗಳು. ಹಗಲು ಎಲ್ಲವನ್ನೂ ಸರಿಸಿದರೆ ಒಂದೇ ಅಂಗಳದಂತೆ. ರಾತ್ರಿ ಎಳೆದುಕೊಂಡರೆ ಬೇರೆ ಬೇರೆ ಕೋಣೆ. ಕಾನೂನಿಗೆ ಇದು ಒಗ್ಗದೆಂದು ನಕ್ಷೆಯಲ್ಲಿ ಮಹಡಿಯನ್ನು ‘ಅಟ್ಟ’ ಎಂದು ಬರೆದರಂತೆ! ಅದೇ ಮನೆಯಲ್ಲಿ ಆಕೆ 1985ರಲ್ಲಿ ತೀರಿಕೊಳ್ಳುವವರೆಗೂ ಬಾಳಿದರು. ಚಿಪ್ಪೂ ಇಲ್ಲ, ಕರೆಂಟೂ ಇಲ್ಲ. ಹಲಗೆ ಎಳೆಯುವ ಕೈ ಮಾತ್ರ ಆಕೆಯದೇ.

ಈಗ ಮಗಳ ಬೆಂಗಳೂರಿನ ಫ್ಲ್ಯಾಟಿನಲ್ಲಿ ಮಾತಾಡಿದರೆ ದೀಪ ಹತ್ತುತ್ತದೆ, ಪರದೆ ಸರಿಯುತ್ತದೆ. ಚೆಂದವೇ. ಆದರೆ ಅದರ ಆ್ಯಪು ಇರುವುದು ಅಳಿಯಂದಿರ ಫೋನಿನಲ್ಲಿ. ಅವರು ಊರಿಗೆ ಹೋದಾಗ ಏನಾದರೂ ಕೆಟ್ಟರೆ ಇವಳು ಅವರಿಗೇ ಫೋನು ಮಾಡಬೇಕು.

ನಮ್ಮ ಮನೆಯ ಹಾಲ್ ದೊಡ್ಡದು ಮಾಡಿಸುವ ಕೆಲಸ ನಡೆದಿದೆ. ಕಿಟಕಿ ಪಕ್ಕದ ಮೂಲೆಗೆ ಮಡಚುವ ಮರದ ಬಾಗಿಲು ಬೇಕು, ಒಳಗೆ ನನ್ನ ಕುರ್ಚಿ, ಪುಸ್ತಕ ಎಂದೆ. ಮೇಸ್ತ್ರಿ ತಲೆ ಕೆರೆದುಕೊಂಡು, “ಅಮ್ಮಾವ್ರೇ, ಯಜಮಾನರನ್ನ ಒಂದು ಮಾತು ಕೇಳ್ಬಿಡಿ” ಎಂದ. “ಅವರನ್ನು ಕೇಳುವುದೇನು ಬಂತು, ಕೂರುವವಳು ನಾನು” ಎಂದೆ. ಬಡಗಿ ಸೋಮವಾರ ಬರುತ್ತಾನೆ. ಅಳತೆ ನಾನೇ ತೆಗೆದು ಕ್ಯಾಲೆಂಡರಿನ ಹಿಂದೆ ಬರೆದಿಟ್ಟಿದ್ದೇನೆ: ಆರೂವರೆ ಅಡಿ.